ಸಂಜೆ ನಾಲ್ಕರಿಂದ ಒಂಬತ್ತು: ಮಾಲ್ಡೀವ್ಸ್‌ಗೆ ಬಂದ ಒಬ್ಬ ಗಣಿತ ಶಿಕ್ಷಕಿಯ ಪ್ರಕರಣ

2023ರ ಸೆಪ್ಟೆಂಬರ್ ಕೊನೆಯ ಒಂದು ಬುಧವಾರ ರಾತ್ರಿ ನಮ್ಮ ಶಾಲೆಯ ಗಣಿತ ಶಿಕ್ಷಕಿ ನನ್ನ ಕೋಣೆಯ ಬಾಗಿಲು ತಟ್ಟಿ ಹೇಳಿದ್ದು ಇಷ್ಟೇ: “ಅಕ್ಕಾರ, ನಾ ಊರಿಗೆ ಹೊಂಟೀನ್ರಿ. ಸೂಟ್‌ಕೇಸ್ ಕಟ್ಟೀನಿ. ನಾಳೆ ಬೋಟಿಗೆ ಒಂದು ಸೀಟ್ ಹೇಳ್ರಿ.” ಅವರು ದ್ವೀಪಕ್ಕೆ ಬಂದು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ.

ನಾನು ಅದೇ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ಊರು ಮಲೆನಾಡಿನ ಸಾಗರ ಪಟ್ಟಣದ ಹತ್ತಿರ. ಆ ಹೊತ್ತಿಗೆ ನಾನು ಇಲ್ಲಿಗೆ ಬಂದು ಐದು ವರ್ಷ ಆಗಿತ್ತು. ನಾವಿಬ್ಬರೂ ಒಂದೇ ಮನೆಯ ಎರಡು ಕೋಣೆಗಳಲ್ಲಿ ಇದ್ದೆವು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನೂ ದ್ವೀಪದ ಹೆಸರನ್ನೂ ಬಿಟ್ಟಿದ್ದೇನೆ. ಇಲ್ಲಿಗೆ ಬರಬೇಕೆಂದಿರುವ ನಮ್ಮ ಕಡೆಯ ಶಿಕ್ಷಕರು ನನಗೆ ಆಗಾಗ ಫೋನ್ ಮಾಡುತ್ತಾರೆ. ಸಂಬಳ ಎಷ್ಟು, ವೀಸಾಕ್ಕೆ ಏನು ಬೇಕು, ಮನೆ ಕೊಡುತ್ತಾರಾ ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ಆದರೆ ಶಾಲೆ ಬಿಟ್ಟ ಮೇಲೆ ಏನು ಮಾಡುತ್ತೀರಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನಾನು ಕಂಡಂತೆ ಇಲ್ಲಿ ಉಳಿಯುವುದು, ಬಿಟ್ಟು ಹೋಗುವುದು ಎರಡೂ ತೀರ್ಮಾನವಾಗುವುದು ಸಂಜೆ ನಾಲ್ಕರಿಂದ ಒಂಬತ್ತರ ನಡುವಿನ ಆ ಹೊತ್ತಿನಲ್ಲಿ.

ಬಂದದ್ದು ಯಾಕೆ

ಅವರಿಗೆ ಆಗ 36 ವರ್ಷ. ರಾಣೆಬೆನ್ನೂರು ಕಡೆಯವರು. ಎಂ.ಎಸ್ಸಿ., ಬಿ.ಎಡ್. ಮಾಡಿ ಅನುದಾನವಿಲ್ಲದ ಖಾಸಗಿ ಹೈಸ್ಕೂಲೊಂದರಲ್ಲಿ 11 ವರ್ಷ ಗಣಿತ ಕಲಿಸಿದ್ದರು. ಗಂಡನದು ಬೀಜ, ಗೊಬ್ಬರದ ಅಂಗಡಿ. ಮನೆ ಕಟ್ಟಿದ ಸಾಲ ಇತ್ತು. ಮಗಳು ಮೂರನೇ ಇಯತ್ತೆ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಎರಡು ವರ್ಷ ದುಡಿದರೆ ಸಾಲ ಹಗುರಾಗುತ್ತದೆ ಎಂಬ ಲೆಕ್ಕ ಹಾಕಿ ಬಂದವರು. ಅವರು ವಿಮಾನ ಹತ್ತಿದ ವರ್ಷವೇ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ ಅದು. ಉದ್ರಿ ಒಯ್ದ ರೈತರಿಂದ ಅಂಗಡಿಗೆ ದುಡ್ಡು ವಾಪಸ್ ಬರಲಿಲ್ಲ. ಹೀಗಾಗಿ ಇಲ್ಲಿಂದ ಹೋಗಬೇಕಾದ ಹಣದ ಮೇಲೆ ಮನೆಯವರೆಲ್ಲರ ಕಣ್ಣು ಬಿತ್ತು.

ಮಾಲ್ಡೀವ್ಸ್ ಯಾಕೆ ಎಂದರೆ ಇಲ್ಲಿ ನಮ್ಮಂಥವರಿಗೆ ದಾರಿ ಹಳೆಯದು. ಇಲ್ಲಿನವರ ದಿವೇಹಿ ಭಾಷೆ ಮತ್ತು ಇಸ್ಲಾಂ ಪಾಠ ಬಿಟ್ಟರೆ ಶಾಲೆಯಲ್ಲಿ ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸಾವಿರದ ಮೇಲೆ ದ್ವೀಪಗಳಿರುವ ಈ ದೇಶದಲ್ಲಿ ಜನ ವಾಸ ಇರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಆದರೂ ಅಲ್ಲಲ್ಲಿಗೆ ಒಂದೊಂದು ಶಾಲೆ ಬೇಕು, ಒಂದೊಂದು ಶಾಲೆಗೂ ಗಣಿತಕ್ಕೆ, ವಿಜ್ಞಾನಕ್ಕೆ ಜನ ಬೇಕು. ಕೇರಳ, ತಮಿಳುನಾಡಿನ ಶಿಕ್ಷಕರು ದಶಕಗಳಿಂದ ಬರುತ್ತಿದ್ದಾರೆ, ನಾವು ಕನ್ನಡದವರು ಕಡಿಮೆ. ಬೆಂಗಳೂರಿನಿಂದ ರಾಜಧಾನಿ ಮಾಲೆಗೆ ಸುಮಾರು ಎರಡು ಗಂಟೆಯ ವಿಮಾನ. ಅಲ್ಲಿಂದ ನಮ್ಮ ನೂನು ಅಟಾಲ್‌ಗೆ (ಅಟಾಲ್ ಅಂದರೆ ಹವಳದ ದ್ವೀಪಗಳ ಗುಂಪು) ಸ್ಪೀಡ್ ಬೋಟಿನಲ್ಲಿ ಹೋಗುವುದು ಮಾತ್ರ ದಾರಿ ಸಾಗಿದಷ್ಟೂ ಹೊಟ್ಟೆ ತೊಳಸುವ ಪ್ರಯಾಣ.

ಹೊರಡುವ ಮೊದಲು ಫೋನಿನಲ್ಲಿ ನಾನು ಕೊಟ್ಟ ಸೂಚನೆಗಳೆಲ್ಲ ಸಾಮಾನಿನ ಬಗ್ಗೆಯೇ ಇದ್ದವು. ಪೂಜೆಯ ವಿಗ್ರಹಗಳನ್ನು ಈ ದೇಶದೊಳಗೆ ತರುವಂತಿಲ್ಲ, ಹಾಗಾಗಿ ಲಕ್ಷ್ಮಿಯ ಹಿತ್ತಾಳೆ ಮೂರ್ತಿ ಮನೆಯಲ್ಲೇ ಇರಲಿ ಎಂದೆ. ಜೋಳದ ಹಿಟ್ಟು ತನ್ನಿ, ಕೊಡೆ ತನ್ನಿ, ಬಿ.ಪಿ. ಮಾತ್ರೆಗೆ ಡಾಕ್ಟರ ಚೀಟಿ ತನ್ನಿ ಎಂದೆ. ಸಂಜೆಯ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಈ ಪ್ರಕರಣದಲ್ಲಿ ನನ್ನ ಪಾಲಿನ ಮೊದಲ ತಪ್ಪು ಅದು.

ತರಗತಿ

ರಾಣೆಬೆನ್ನೂರಲ್ಲಿ ಅವರ ಒಂದು ಸೆಕ್ಷನ್ನಿನಲ್ಲಿ 60 ಮಕ್ಕಳು. ಇಲ್ಲಿ ಒಂಬತ್ತನೇ ತರಗತಿಯಲ್ಲಿ 19. ಅಲ್ಲಿ ಒಳಗೆ ಕಾಲಿಟ್ಟರೆ ಅರವತ್ತೂ ಮಕ್ಕಳು ಎದ್ದು ನಿಂತು ಒಕ್ಕೊರಲಿನಿಂದ ನಮಸ್ತೆ ಹೇಳುತ್ತಿದ್ದರು. ಇಲ್ಲಿನ ಮಕ್ಕಳು ನಗುತ್ತಾರೆ, “ಮಿಸ್” ಎಂದು ಕರೆಯುತ್ತಾರೆ, ತಮ್ಮ ಪಾಡಿಗೆ ಕೂರುತ್ತಾರೆ. ಅದು ಅವರಿಗೆ ಅಗೌರವದಂತೆ ಕಂಡಿತು. ಏಳೆಂಟಲಕ್ಕೂ ಮಕ್ಕಳು ಕ್ಯಾಲ್ಕುಲೇಟರ್ ಒತ್ತುವುದನ್ನು ನೋಡಿ ಎದೆ ಒಡೆಯಿತು ಎಂದರು. ನಮ್ಮಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕ್ಯಾಲ್ಕುಲೇಟರ್ ತಂದರೆ ಹೊರಗೆ ಹಾಕುತ್ತಾರೆ. ಇಲ್ಲಿನ ಮಕ್ಕಳು ಹತ್ತನೇ ತರಗತಿಯ ಕೊನೆಗೆ ಬರೆಯುವುದು ಬ್ರಿಟನ್ನಿನ ಪರೀಕ್ಷಾ ಮಂಡಳಿಗಳ ಓ ಲೆವೆಲ್ ಮಟ್ಟದ ಪರೀಕ್ಷೆ, ಅದರಲ್ಲಿ ಕ್ಯಾಲ್ಕುಲೇಟರ್ ಬಳಸಿಯೇ ಮಾಡಬೇಕಾದ ಪ್ರಶ್ನೆಗಳಿರುತ್ತವೆ. ಅದನ್ನು ಚೆನ್ನಾಗಿ ಬಳಸುವುದನ್ನು ಕಲಿಸುವುದೂ ಗಣಿತದ ಟೀಚರಿನ ಕೆಲಸ. ಮಗ್ಗಿ ಬಾಯಿಪಾಠ ಮಾಡಿಸುವ ಹಟವನ್ನು ಅವರು ಬಿಡಲಿಲ್ಲ, ನಾನೂ ಬಿಡಿ ಅನ್ನಲಿಲ್ಲ.

ಪಾಠ ನೋಡಲು ಬಂದ ಲೀಡಿಂಗ್ ಟೀಚರ್ (ಪಾಠಗಳ ಮೇಲ್ವಿಚಾರಣೆ ಮಾಡುವ ಹಿರಿಯ ಶಿಕ್ಷಕರು) ತಮ್ಮ ಹಾಳೆಯಲ್ಲಿ ಬರೆದದ್ದು ಒಂದೇ ಸಾಲು: ಮೂವತ್ತೈದು ನಿಮಿಷದಲ್ಲಿ ಮೂವತ್ತು ನಿಮಿಷ ನೀವೇ ಮಾತಾಡಿದಿರಿ. ಹನ್ನೊಂದು ವರ್ಷ ಒಳ್ಳೆಯ ಟೀಚರ್ ಅನ್ನಿಸಿಕೊಂಡವರಿಗೆ ಆ ಸಾಲು ನೆಟ್ಟಿತು.

ಅದಕ್ಕಿಂತ ಆಳಕ್ಕೆ ಹೋದದ್ದು ಒಂದು ಸಣ್ಣ ಘಟನೆ. ಆರನೇ ತರಗತಿಯಲ್ಲಿ ಬೋರ್ಡಿನ ಮೇಲೆ ಒಂದು ಸುಲಭದ ಸಮೀಕರಣ ಬರೆದಿದ್ದರು, ಉತ್ತರ ಏಳು. ಹಿಂದಿನ ಬೆಂಚಿನ ಹುಡುಗ ಪಕ್ಕದವನ ಕಿವಿಯಲ್ಲಿ “ಹತೆ” ಎಂದ. ಇವರ ಕಿವಿಗೆ ಅದು ಹತ್ತು ಎಂದು ಕೇಳಿತು. ತಪ್ಪು ಎಂದು ಅವನನ್ನು ನಿಲ್ಲಿಸಿದರು. ಹುಡುಗ ಏನೂ ಹೇಳದೆ ನಿಂತ. ದಿವೇಹಿಯಲ್ಲಿ ಹತೆ ಎಂದರೆ ಏಳು. ಸ್ಟಾಫ್ ರೂಮಿನಲ್ಲಿ ಯಾರೋ ಅದನ್ನು ಹೇಳಿದಾಗ ಇವರ ಮುಖ ಬಿಳಿಚಿಕೊಂಡಿತು. ಮರುದಿನ ಹುಡುಗನ ಹತ್ತಿರ ಹೋಗಿ ತಪ್ಪು ನನ್ನದು ಎಂದರಂತೆ. ಆದರೂ ಮನೆಗೆ ಬಂದು ಅದನ್ನೇ ಎರಡು ದಿನ ಹೇಳಿಕೊಂಡರು: ಸರಿ ಉತ್ತರ ಹೇಳಿದ ಮಗುವನ್ನ ನಾನು ನಿಲ್ಲಿಸಿದೆ.

ಇಷ್ಟಾದರೂ ಶಾಲೆ ಅವರನ್ನು ಮುರಿಯಲಿಲ್ಲ. ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಕೆಲಸ ಇತ್ತು. ತಪ್ಪಾದರೆ ಮರುದಿನ ತಿದ್ದಿಕೊಳ್ಳಬಹುದಿತ್ತು.

ದುಡ್ಡಿನ ದಾರಿ

ಇದನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಂಬಳ ಬರುವುದು ಈ ದೇಶದ ಹಣವಾದ ರುಫಿಯಾದಲ್ಲಿ. ಒಂದು ಡಾಲರಿಗೆ 15.42 ರುಫಿಯಾ ಎಂಬ ದರ 2011ರಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಊರಲ್ಲಿ ಕೂತು ಲೆಕ್ಕ ಹಾಕುವವರು ಸಂಬಳವನ್ನು 15.42ರಿಂದ ಭಾಗಿಸಿ, ರೂಪಾಯಿಗೆ ಗುಣಿಸಿ ಖುಷಿಪಡುತ್ತಾರೆ. ಆದರೆ ಈ ದೇಶದಲ್ಲಿ ಡಾಲರಿಗೆ ಯಾವಾಗಲೂ ಕೊರತೆ. ಊರಿಗೆ ಕಳಿಸುವ ಡಾಲರಿಗೆ ಬ್ಯಾಂಕು ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕುತ್ತದೆ, ಆ ಮಿತಿಯನ್ನು ಹಲವು ಸಲ ಇಳಿಸಿದ್ದೂ ಇದೆ. ಮಿಕ್ಕದ್ದನ್ನು ಕಳಿಸಬೇಕಾದರೆ ಹೊರಗಡೆ ಹೆಚ್ಚು ರುಫಿಯಾ ತೆತ್ತು ಡಾಲರ್ ಕೊಳ್ಳಬೇಕು. ಅದು ಕಾನೂನಿಗೆ ಹೊರತಾದ ದಾರಿ, ಅದನ್ನು ಹಿಡಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಂಬಳ ಕೈಗೆ ಬಂದರೂ ಅಷ್ಟೂ ಊರಿಗೆ ತಲುಪುವುದಿಲ್ಲ ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ಅರ್ಥ ಮಾಡಿಕೊಂಡಿರಬೇಕು.

ಇವರ ವಿಷಯದಲ್ಲಿ ಕೆಲಸದ ಪರವಾನಗಿ ತಡವಾಯಿತು. ಪರವಾನಗಿ ಇಲ್ಲದೆ ಬ್ಯಾಂಕ್ ಖಾತೆ ತೆರೆಯಲಿಲ್ಲ, ಖಾತೆ ಇಲ್ಲದೆ ಸಂಬಳ ಜಮಾ ಆಗಲಿಲ್ಲ. ಎರಡು ತಿಂಗಳು ಊರಿಗೆ ಒಂದು ಪೈಸೆ ಹೋಗಲಿಲ್ಲ. ಗಂಡ ಕೆಟ್ಟವರಲ್ಲ. ಆದರೆ ಉದ್ರಿಯ ಪುಸ್ತಕ ಮುಂದಿಟ್ಟುಕೊಂಡು ಕೂತ ಮನುಷ್ಯ ಪ್ರತಿ ರಾತ್ರಿ “ಇವತ್ತರ ಬಂತೇನು?” ಎಂದು ಕೇಳಿದರೆ ಆ ಕಡೆ ಇರುವವಳಿಗೆ ಏನಾಗುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ. ಆಮೇಲೆ ಅವರು ಮನೆಯ ಬಂಗಾರವನ್ನು ಸೊಸೈಟಿಯಲ್ಲಿಟ್ಟು ಎರಡು ಕಂತು ತುಂಬಿದರು.

ಈಗ ಫೋನ್ ಮಾಡುವವರಿಗೆಲ್ಲ ನಾನು ಹೇಳುವುದು ಇದು: ಹೊರಡುವ ಮುಂಚೆ ಮೂರು ತಿಂಗಳ ಸಾಲದ ಕಂತನ್ನು ಬೇರೆ ತೆಗೆದಿಡಿ. ಅದು ಆಗದಿದ್ದರೆ ಪ್ರಯಾಣವನ್ನೇ ಮೂರು ತಿಂಗಳು ಮುಂದಕ್ಕೆ ಹಾಕಿ. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಿ, ಇಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ; ಎರಡೂ ಹೊರದೇಶದಲ್ಲಿರುವ ಭಾರತೀಯರಿಗೆ ನಮ್ಮ ಬ್ಯಾಂಕುಗಳು ಕೊಡುವ ಖಾತೆಗಳು. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಮಾಲ್ಡೀವ್ಸ್‌ನಲ್ಲಿ 2020ರಿಂದ ಸಂಬಳದ ಮೇಲೆ ಆದಾಯ ತೆರಿಗೆ ಇದೆ, ಆದರೆ ತಿಂಗಳಿಗೆ 60 ಸಾವಿರ ರುಫಿಯಾವರೆಗೆ ಏನೂ ಕಟ್ಟಬೇಕಿಲ್ಲ. ನಮ್ಮ ಸಂಬಳ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಆ ಐದು ಗಂಟೆ

ದ್ವೀಪ ಎಂದರೆ ಪ್ರವಾಸದ ಚಿತ್ರಗಳಲ್ಲಿ ಕಾಣುವ ದ್ವೀಪ ಅಲ್ಲ. ಈ ತುದಿಯಿಂದ ಆ ತುದಿಗೆ ನಡೆದರೆ ಇಪ್ಪತ್ತು ನಿಮಿಷ. ಬಿಳಿ ಮರಳಿನ ದಾರಿ, ಹವಳದ ಕಲ್ಲಿನ ಹಳೆಯ ಗೋಡೆಗಳು, ಮನೆಮುಂದೆ ಬಲೆ ಹೆಣೆದ ಜೋಲಿ ಕುರ್ಚಿಗಳು. ನಾಲ್ಕೈದು ಅಂಗಡಿ. ನಮಾಜಿನ ಹೊತ್ತಿಗೆ ಅವೂ ಬಾಗಿಲು ಹಾಕುತ್ತವೆ. ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ, ಆಮೇಲೆ ಸಮುದ್ರದ ಸದ್ದು ಮಾತ್ರ. ನಮ್ಮೂರಲ್ಲಿ ಸಂಜೆ ಎಂದರೆ ತರಕಾರಿಗೆ ಹೋಗುವುದು, ಗುಡಿಗೆ ಹೋಗುವುದು, ಕಟ್ಟೆಯ ಮೇಲೆ ಕೂತು ಓಣಿಯವರ ಸುದ್ದಿ ಮಾತಾಡುವುದು. ಹಾಗೆ ಬೆಳೆದ ಹೆಂಗಸಿಗೆ ಈ ಐದು ಗಂಟೆ ಗೋಡೆಯ ಹಾಗೆ ಎದುರಿಗೆ ನಿಲ್ಲುತ್ತದೆ.

ಅವರು ಶಾಲೆಯಿಂದ ಬಂದವರೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸುಸ್ತಾಗಿರಬೇಕು, ಬಿಟ್ಟುಬಿಡೋಣ ಎಂದುಕೊಂಡೆ. ಇದು ನನ್ನ ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಇಲ್ಲಿನ ಆರೂವರೆ ಅಂದರೆ ಊರಿನಲ್ಲಿ ಏಳು ಗಂಟೆ, ಮಗಳು ಹೋಂವರ್ಕಿಗೆ ಕೂರುವ ಹೊತ್ತು. ದಿನಾ ಆರೂವರೆಗೆ ವೀಡಿಯೊ ಕಾಲ್ ಶುರುವಾದರೆ ಎರಡು ಗಂಟೆ. ಫೋನನ್ನು ಡಬ್ಬಿಗೆ ಒರಗಿಸಿಟ್ಟು ಮಗಳ ಗಣಿತ ಮಾಡಿಸುವುದು, ಅವಳು ಊಟ ಮಾಡುವುದನ್ನು ನೋಡುವುದು. ಕಾಲ್ ಕತ್ತರಿಸುವಾಗ ಮಗು ಅಳುತ್ತಿತ್ತು. ಆಮೇಲೆ ಇವರು ಅಳುತ್ತಿದ್ದರು. ಗೋಡೆಯ ಈಚೆ ನನಗೆ ಕೇಳುತ್ತಿತ್ತು.

ಊಟವೂ ಕೈಬಿಟ್ಟಿತ್ತು. ಅವರು ಮೀನು ಮುಟ್ಟುವವರಲ್ಲ, ಇಲ್ಲಿ ಬೆಳಗಿನ ತಿಂಡಿಯೇ ಮಸ್ ಹುನಿ: ಟ್ಯೂನಾ, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿ ರೊಶಿ ಎಂಬ ರೊಟ್ಟಿಯ ಜೊತೆ. ತರಕಾರಿ ಬೋಟು ವಾರಕ್ಕೊಮ್ಮೆ. ಜೋಳದ ಹಿಟ್ಟು ಒಂದೂವರೆ ತಿಂಗಳಿಗೆ ಮುಗಿಯಿತು. ಆಮೇಲೆ ಅನ್ನ, ಮೊಸರು, ಉಪ್ಪಿನಕಾಯಿ. ಮನೆಯೊಡತಿಯ ಹಿತ್ತಿಲಲ್ಲಿ ನುಗ್ಗೆ ಮರ ಇತ್ತು, ದೀವಿಹಲಸು ಇತ್ತು. ಆದರೆ ಬೇಡುವುದಕ್ಕೆ ಮಾತು ಬೇಕಲ್ಲ.

ಆ ಬುಧವಾರ ಅವರು ಆರೂವರೆಗೆ ಫೋನ್ ಮಾಡಿದಾಗ ಎತ್ತಿದ್ದು ಅತ್ತೆ. “ಅಕಿ ಆಟಕ್ಕ ಹೋಗ್ಯಾಳವ್ವಾ, ನಾಳೆ ಮಾತಾಡ್ತಾಳಂತ” ಎಂದರಂತೆ. ಅಷ್ಟೇ. ಮಗು ಆರಾಮಾಗಿತ್ತು, ಓಣಿಯ ಹುಡುಗಿಯರ ಜೊತೆ ಆಡುತ್ತಿತ್ತು. ಒಂದು ಗಂಟೆಯ ಮೇಲೆ ಇವರು ಸೂಟ್‌ಕೇಸ್ ಕಟ್ಟಿದರು. ಎಷ್ಟೋ ದಿನದ ಮೇಲೆ ನನಗೆ ಹೇಳಿದರು: “ಅಕಿ ಅತ್ತಿದ್ರ ನಾ ಇರ್ತಿದ್ದೆ ಅಕ್ಕಾರ. ಅಕಿ ಅಳಲಿಲ್ಲ.”

ಬೋಟ್ ಹೋಗದ ಎರಡು ದಿನ

ಗುರುವಾರ ಬೋಟು ಬಿಡಲಿಲ್ಲ. ಹುಳಂಗು, ಅಂದರೆ ನೈಋತ್ಯ ಮಾರುತದ ಕಾಲ ಇನ್ನೂ ಮುಗಿದಿರಲಿಲ್ಲ; ಗಾಳಿ ಎದ್ದಿದೆ ಎಂದು ಹವಾಮಾನ ಇಲಾಖೆಯ ಎಚ್ಚರಿಕೆ ಇತ್ತು. ಶುಕ್ರವಾರ ಇಲ್ಲಿ ವಾರದ ರಜೆ. ಶನಿವಾರದವರೆಗೆ ಕಾಯಬೇಕು. ಕರಾರು ಮುರಿದರೆ ಏನೇನು ಕಟ್ಟಿಕೊಡಬೇಕಾಗುತ್ತದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಆಗ ಅವರಿಗೆ ಅದು ಬೇಕಿರಲಿಲ್ಲ ಅನ್ನಿಸಿತು.

ಗುರುವಾರ ಐದು ಗಂಟೆಗೆ ಮನೆಯೊಡತಿ ಬಂದರು. ಅವರನ್ನು ನಾವು ದತ್ತ ಎನ್ನುತ್ತೇವೆ, ದಿವೇಹಿಯಲ್ಲಿ ಅಕ್ಕ ಎಂದರ್ಥ. ಬಾಶಿ ಆಟಕ್ಕೆ ಒಬ್ಬರು ಕಡಿಮೆ, ಈ ಮಿಸ್‌ನ ಕಳಿಸು ಎಂದರು. ಬಾಶಿ ಇಲ್ಲಿನ ಹೆಂಗಸರ ಆಟ. ನಡುವೆ ಬಲೆ. ಹೊಡೆಯುವವಳು ಬಲೆಗೆ ಬೆನ್ನು ಮಾಡಿ ನಿಂತು ಟೆನಿಸ್ ಚೆಂಡನ್ನು ರ‍್ಯಾಕೆಟ್ಟಿನಿಂದ ತಲೆಯ ಮೇಲಿಂದ ಹಿಂದಕ್ಕೆ ಹೊಡೆಯುತ್ತಾಳೆ. ಆಚೆಯವರು ಅದನ್ನು ಬರಿಗೈಯಲ್ಲಿ ಹಿಡಿಯಬೇಕು. ಇವರು ಬರುವುದಿಲ್ಲ ಎಂದರು. ದತ್ತನಿಗೆ ಕನ್ನಡ ಬರದು, ಇವರಿಗೆ ದಿವೇಹಿ ಬರದು, ಇಂಗ್ಲಿಷ್ ಇಬ್ಬರಿಗೂ ಆ ಹೊತ್ತಿಗೆ ನೆರವಾಗಲಿಲ್ಲ. ದತ್ತ ಕೈಹಿಡಿದು ಎಳೆದುಕೊಂಡೇ ಹೋದರು. ಕತ್ತಲಾಗುವವರೆಗೆ ಇವರು ಮೂಲೆಯಲ್ಲಿ ನಿಂತಿದ್ದರು. ಒಂದು ಚೆಂಡು ನೇರ ಬಂದು ಎದೆಗೆ ಬಡಿಯಿತು, ಎರಡನೆಯದನ್ನು ಹಿಡಿದರು. ಹೆಂಗಸರೆಲ್ಲ ಕೂಗಿಕೊಂಡರು. ಅಂಗೈ ಕೆಂಪಗೆ ಮಾಡಿಕೊಂಡು ಮನೆಗೆ ಬಂದವರು ಅಂದು ಒಂದು ತಟ್ಟೆ ಅನ್ನ ಪೂರ್ತಿ ಉಂಡರು.

ಶುಕ್ರವಾರ ದತ್ತನ ಅತ್ತೆಯ ಜೋಲಿಯ ಪಕ್ಕ ಕೂತಿದ್ದರು. ಆ ಮುದುಕಿಯನ್ನು ಎಲ್ಲರೂ ಮಾಮ ಎನ್ನುತ್ತಾರೆ, ಇಲ್ಲಿ ಮಾಮ ಅಂದರೆ ಅಜ್ಜಿ. ಮೊಮ್ಮಗಳು ಅಲ್ಲೇ ತಾನ ಅಕ್ಷರ ತಿದ್ದುತ್ತಿದ್ದಳು. ತಾನ ಅಂದರೆ ದಿವೇಹಿಯ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಇವರು ಸುಮ್ಮನೆ ನೋಡುತ್ತಿದ್ದವರು ತಟ್ಟನೆ ಪುಸ್ತಕ ಎತ್ತಿಕೊಂಡರು. ನನ್ನನ್ನು ಕರೆದು, “ಇವು ಅಂಕಿ ಇದ್ದಂಗ ಅದಾವಲ್ರಿ!” ಎಂದರು. ಇವರ ಪಾಡಿಗೆ ಇವರೇ ಕಂಡುಕೊಂಡದ್ದು, ಯಾರೂ ಹೇಳಿರಲಿಲ್ಲ. ನಿಜಕ್ಕೂ ತಾನ ಲಿಪಿಯ ಮೊದಲ ಒಂಬತ್ತು ಅಕ್ಷರ ಹುಟ್ಟಿದ್ದು 1ರಿಂದ 9ರವರೆಗಿನ ಅರಬ್ಬಿ ಅಂಕಿಗಳಿಂದ, ಮುಂದಿನ ಒಂಬತ್ತು ಈ ದ್ವೀಪಗಳ ಹಳೆಯ ಅಂಕಿಗಳಿಂದ. ಅಟಾಲ್‌ಗಳ ಆಡಳಿತದ ಹೆಸರೂ ಇದೇ ಅಕ್ಷರಗಳು: ಹಾ, ಶವಿಯಾನಿ, ನೂನು, ರಾ, ಬಾ. ನಾವಿರುವ ನೂನು ಮೂರನೇ ಅಕ್ಷರ, ಅಂಕಿ ಮೂರರಿಂದ ಬಂದದ್ದು. ಹಾಸಿಗೆಯ ಪಕ್ಕ ಕಟ್ಟಿದ ಸೂಟ್‌ಕೇಸ್ ಇಟ್ಟುಕೊಂಡ ಗಣಿತದ ಟೀಚರ್ ಅಂದು ಸಂಜೆಯೆಲ್ಲ ಮಾಮನ ಬಾಯಿಂದ ಎಕೆ, ದೇ, ತಿನೆ, ಹತರೆ, ಫಹೆ ಹೇಳಿಸಿಕೊಂಡರು. ಅಶೆ ಎಂಟು, ನುವಯೆ ಒಂಬತ್ತು ಎಂದಾಗ ಅಷ್ಟ, ನವ ಎಂದು ತಾವೇ ಜೋಡಿಸಿಕೊಂಡರು. ದಿವೇಹಿ ಸಿಂಹಳದ ಬಳಗದ ಭಾಷೆಯಾದ್ದರಿಂದ ಸಂಸ್ಕೃತದ ನೆರಳು ಅದರಲ್ಲಿ ಉಳಿದಿದೆ. ಹತೆ ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದರು.

ಶನಿವಾರ ಬೋಟು ಹೋಯಿತು. ಭಾನುವಾರ ಎಂಟನೇ ತರಗತಿಗೆ ಟೆಸ್ಟ್ ಇದೆ, ಮುಗಿಸಿ ಹೋಗುತ್ತೇನೆ ಎಂದರು. ಸೂಟ್‌ಕೇಸ್ ಇನ್ನೂ ಎರಡು ವಾರ ಹಾಗೇ ಇತ್ತು. ದಿನಕ್ಕೊಂದು ಸೀರೆ, ಒಂದು ಚೂಡಿದಾರ್ ಅದರಿಂದಲೇ ತೆಗೆದು ಉಡುತ್ತಿದ್ದರು.

ಆಮೇಲೆ ಬದಲಾದದ್ದು

ಮಗಳ ಫೋನನ್ನು ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚಿನ ಹದಿನೈದು ನಿಮಿಷಕ್ಕೆ ತಂದರು, ಶುಕ್ರವಾರ ಮಾತ್ರ ಉದ್ದಕ್ಕೆ. ಇದು ಕಲ್ಲೆದೆಯ ಮಾತಲ್ಲ. ದಿನಾ ಎರಡು ಗಂಟೆಯ ಕಾಲ್ ತಾಯಿಯನ್ನು ಊರಲ್ಲೂ ಇರಗೊಡಲಿಲ್ಲ, ದ್ವೀಪದಲ್ಲೂ ಇರಗೊಡಲಿಲ್ಲ ಎಂಬುದನ್ನು ನಾನು ಗೋಡೆಯ ಈಚೆಯಿಂದ ಕೇಳಿದ್ದೇನೆ. ಮಗುವಿಗೂ ಅದು ಸಂಜೆಯ ಆಟ ಕಳೆಯುತ್ತಿತ್ತು. ಗಂಡನ ಜೊತೆ ನಾನೇ ಒಮ್ಮೆ ಮಾತಾಡಿ ಡಾಲರಿನ ಲೆಕ್ಕ ವಿವರಿಸಿದೆ. ಅವರು ಕೇಳಿಸಿಕೊಂಡು, “ಮೊದಲ ಹೇಳಿದ್ರ ನಾ ದಿನಾ ಕೇಳ್ತಿರಲಿಲ್ರಿ ಅಕ್ಕಾರ” ಎಂದರು. ಬರುವ ಹಣಕ್ಕೆ ತಕ್ಕಂತೆ ಕಂತಿನ ಅವಧಿ ಉದ್ದ ಮಾಡಿಸಿಕೊಂಡರು.

ವಾರಕ್ಕೆ ಮೂರು ಸಂಜೆ ಹತ್ತನೇ ತರಗತಿಗೆ ಶಾಲೆಯಲ್ಲೇ ಪುನರಾವರ್ತನೆ ತರಗತಿ, ಉಳಿದ ದಿನ ಬಾಶಿ. ಹಿತ್ತಿಲ ನುಗ್ಗೆಸೊಪ್ಪು ಅಡುಗೆಮನೆಗೆ ಬಂತು. ದೀವಿಹಲಸಿನ ಪಲ್ಯ ನಾನು ಮಾಡಿಕೊಟ್ಟೆ, ನಮ್ಮ ಮಲೆನಾಡಿನ ರೀತಿ, ಸಾಸಿವೆ ಕಾಯಿ ಹಾಕಿ.

2024ರ ಜನವರಿಯಲ್ಲಿ ಎರಡು ದೇಶಗಳ ನಡುವೆ ಮಾತು ಬೆಳೆದು, ಇಲ್ಲಿನ ಮೂವರು ಉಪಸಚಿವರು ಅಮಾನತಾಗಿ, ಭಾರತದಲ್ಲಿ ಮಾಲ್ಡೀವ್ಸ್‌ಗೆ ಹೋಗಬೇಡಿ ಎಂಬ ಕೂಗು ಎದ್ದಾಗ ಊರಿಂದ ಗಾಬರಿಯ ಕರೆಗಳು ಬಂದವು. ಅಂದು ಸಂಜೆ ಮೂಲೆ ಅಂಗಡಿಯವರು ನಮ್ಮ ಬಾಗಿಲಿಗೆ ಬಂದು, ಯಾರಾದರೂ ಏನಾದರೂ ಅಂದರಾ ಎಂದು ಕೇಳಿದರು. ಯಾರೂ ಏನೂ ಅಂದಿರಲಿಲ್ಲ. ಇವರು ಆಗಲೇ ರ‍್ಯಾಕೆಟ್ ಹಿಡಿದು ಹೊರಟಿದ್ದರು.

ಈಗ ಎರಡನೇ ಕರಾರು ನಡೆಯುತ್ತಿದೆ. ಬೇಸಿಗೆ ರಜೆಯಲ್ಲಿ ಮಗಳು ಅಪ್ಪನ ಜೊತೆ ಬಂದು ಮೂರು ವಾರ ಇದ್ದು ಹೋದಳು. ಈ ದೇಶದಲ್ಲಿ ನಾಯಿ ಸಾಕುವಂತಿಲ್ಲ ಎಂದು ತಿಳಿದು ಮೊದಲ ಎರಡು ದಿನ ಬೇಜಾರು ಮಾಡಿಕೊಂಡಳು, ಆಮೇಲೆ ದತ್ತನ ಮಕ್ಕಳ ಹಿಂದೆ ಬೀದಿ ಸೇರಿದವಳು ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಹೊಸದಾಗಿ ಬಂದ ಕೇರಳದ ಭೌತಶಾಸ್ತ್ರದ ಟೀಚರ್ ಈಗ ನಮ್ಮ ಪಕ್ಕದ ಮನೆಯಲ್ಲಿದ್ದಾರೆ. ಅವರು ಬಂದ ದಿನ ಐದು ಗಂಟೆಗೆ ಇವರೇ ಹೋಗಿ ಬಾಗಿಲು ತಟ್ಟಿದರು. ಪ್ರಯಾಣದ ಸುಸ್ತು, ನಾಳೆ ಬರುತ್ತೇನೆ ಎಂದು ಒಳಗಿನಿಂದ ಉತ್ತರ ಬಂತು. ಇವರು ಬಾಗಿಲಲ್ಲೇ ನಿಂತರು.